ಟೋನ್‌ಆರ್ಮ್ ವೈರಿಂಗ್ ಬದಲಾಗೇದ, ಈಗ ಗುಂಯ್ ಸದ್ದು ಮತ್ತ ಕೊರಿಯೋ 'ಸ'ಕಾರ: ಪ್ರೀಆಂಪ್ ಬದಲಿಸಬೇಕೇನ್ರಿ?

ಮಾಳಮಡ್ಡಿ ಮನಿ
ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಅದ, ಪೂರ್ತಿ ಓದಿ ಹೇಳ್ರಿ.

ಎರಡು ತಿಂಗಳ ಹಿಂದ ಹುಬ್ಬಳ್ಳಿಯೊಳಗ ಒಬ್ಬರ ಕಡೆಯಿಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸೋದು) ತಗೊಂಡೆ. ತಿರುಗೋದು ಭೇಷ್ ಅದ, ವೇಗ ಒಂಚೂರೂ ಅಲುಗಾಡಂಗಿಲ್ಲ. ಆದ್ರ ಸೂಜಿ ಹಿಡಕೊಳ್ಳೋ ಟೋನ್‌ಆರ್ಮಿನ ಒಳಗಿನ ವೈರ್ ಹರಿದಿತ್ತಂತ ಹಿಂದಿನ ಮಾಲಕರು ಯಾರೋ ರಿಪೇರಿಯವರ ಕಡೆ ಹೊಸಾದು ಎಳಸ್ಯಾರ. ಹೊರಗಿನ ಆರ್‌ಸಿಎ ಕೇಬಲ್ಲೂ ಬದಲಾಗೇದ. ಕಿರುಬೆರಳಿನಷ್ಟು ದಪ್ಪ, ಎರಡು ಮೀಟರ್ ಉದ್ದ. ಕಾರ್ಟ್ರಿಜ್ (ಸೂಜಿಯ ಅಲುಗಾಟ ಕರೆಂಟ್ ಮಾಡೋ ತುಂಡು) ನಾನ ಹೊಸಾದು ಹಾಕೀನಿ, ಆಡಿಯೋ-ಟೆಕ್ನಿಕಾ ವಿಎಂ95ಇ. ಕಾರ್ಟ್ರಿಜ್ಜಿನ ಸಣ್ಣ ಸಿಗ್ನಲ್ ಹಿಗ್ಗಿಸೋ ಪ್ರೀಆಂಪ್ ಒಂದು ಸಣ್ಣ ಡಬ್ಬಿ, ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್ಜಿಗೆ ಮಾತ್ರ. ಬುಡಕ್ಕ 47 ಕಿಲೋಓಮ್, 220 ಪಿಎಫ್ (ಪಿಕೋಫ್ಯಾರಡ್, ಕೆಪಾಸಿಟನ್ಸಿನ ಅಳತಿ) ಅಂತ ಬರದದ.

ಈಗ ತ್ರಾಸು ಕೇಳ್ರಿ. ಸೂಜಿ ಎತ್ತಿಟ್ಟಾಗೂ ಗುಂಯ್ ಅಂತದ, ಆರ್ಮಿನ ಕೊಳವಿ ಮುಟ್ಟಿದ್ರ ಇನ್ನೂ ಜೋರಾಗ್ತದ. ಹಾಡಿನಾಗ 'ಸ', 'ಶ' ಬಂದಲ್ಲೆಲ್ಲಾ ಕಿವಿಗೆ ಚುಚ್ಚಿದಂಗ ಆಗ್ತದ, ಹಾರ್ಮೋನಿಯಂ ಮ್ಯಾಲಿನ ಸಪ್ತಕಕ್ಕ ಹೋದ್ರ ತಗಡು ಬಡದಂಗ. ಮತ್ತ ಅಪ್ಪನ ಕಾಲದ ಒಂದು ಮೋನೋ ಖಯಾಲ್ ಎಲ್‌ಪಿ ಅದ, ಅದರಾಗ ಧ್ವನಿ ಎರಡು ಸ್ಪೀಕರ್ ನಡುವ ನಿಲ್ಲಬೇಕಲ್ಲ, ನಿಲ್ಲವಲ್ತು. ಗೋಡಿಯೊಳಗಿಂದ ಬಂದಂಗ ಕೇಳಸ್ತದ.

ಅಂಗಡಿಯವರು ಪ್ರೀಆಂಪ್ ಹಗುರ ಆತು, 38 ಸಾವಿರದ್ದು ಹಾಕ್ರಿ ಅಂದ್ರು. ಹಾಕಲ್ಯೋ ಬ್ಯಾಡೋ?

ಲೈನ್ ಬಜಾರ್ ಕೇಳುಗ
ಬ್ಯಾಡ. ಮೊದಲ ವೈರ್ ನೋಡ್ರಿ.

ಕುಂದಗೋಳ ಕಿವಿ
ನಾ ಒಪ್ಪಂಗಿಲ್ಲ. 220 ಪಿಎಫ್ ಗಟ್ಟಿ ಕೂಡಿಸಿದ ಡಬ್ಬಿಯೊಳಗ ಎಂಥಾ ಕಾರ್ಟ್ರಿಜ್ ಹಾಕಿದ್ರೂ ಮ್ಯಾಲಿನ ಸ್ವರ ಕೆಡ್ತಾವ. ಆರು ವರ್ಷದ ಹಿಂದ ನಾನೂ ಇಂಥಾದ್ದ ಇಟಗೊಂಡಿದ್ದೆ. ಛಲೋ ಪ್ರೀಆಂಪ್ ತಂದ ದಿನಾನ ತಂಬೂರಿ ತಂತಿ ತಂತಿ ಬ್ಯಾರೆ ಕೇಳಿಸ್ತು. ರೊಕ್ಕ ಇದ್ರ ತಗೋರಿ, ಮುಂದ ಪಶ್ಚಾತ್ತಾಪ ಆಗಂಗಿಲ್ಲ.

ಬೆಸುಗೆ 25 ವ್ಯಾಟ್
ಕುಂದಗೋಳದವರೇ, ನಿಮ್ಮ ಅನುಭವ ನಿಜವೇ ಇರಬಹುದು. ಆದರೆ ಇವರು ಹೇಳಿದ ಮೂರು ತೊಂದರೆಗಳಲ್ಲಿ ಎರಡಕ್ಕೆ ಪ್ರೀಆಂಪ್ ಕಾರಣವೇ ಅಲ್ಲ. ಆರ್ಮ್ ಮುಟ್ಟಿದರೆ ಗುಂಯ್ ಹೆಚ್ಚುತ್ತದೆ ಎಂದರೆ ಆರ್ಮಿನ ಕೊಳವೆಗೆ ಗ್ರೌಂಡ್ ಸಿಕ್ಕಿಲ್ಲ, ಇಲ್ಲವೇ ಸಿಗ್ನಲ್ ವೈರೇ ಲೋಹಕ್ಕೆ ತಾಗಿದೆ. ಮೋನೋ ರೆಕಾರ್ಡಿನಲ್ಲಿ ಧ್ವನಿ ನಡುವೆ ನಿಲ್ಲುತ್ತಿಲ್ಲ ಎಂದರೆ ಒಂದು ಚಾನೆಲ್ಲಿನ ಪ್ಲಸ್-ಮೈನಸ್ ಅದಲುಬದಲಾಗಿದೆ. 38 ಸಾವಿರದ ಡಬ್ಬಿ ತಂದರೂ ಈ ಎರಡೂ ಹಾಗೇ ಇರುತ್ತವೆ.

ಮಾಳಮಡ್ಡಿಯವರೇ, ಮಲ್ಟಿಮೀಟರ್ ಇದೆಯೇ? ಮೊದಲು ಆರ್ಮಿನ ತುದಿಯ ಹೆಡ್‌ಶೆಲ್ಲಿನಿಂದ ಕಾರ್ಟ್ರಿಜ್ ಬಿಚ್ಚಿ ಪಕ್ಕಕ್ಕಿಡಿ. ಕಾರ್ಟ್ರಿಜ್ ಕೂಡಿಸಿಟ್ಟು ಮೀಟರ್ ಹಚ್ಚಬೇಡಿ, ಕೂದಲಿನಷ್ಟು ತೆಳು ಕಾಯಿಲ್‌ಗಳ ಮೂಲಕ ಮೀಟರಿನ ಕರೆಂಟ್ ಹರಿಯುವುದು ಬೇಡ. ಪ್ರೀಆಂಪಿನಿಂದಲೂ ಆರ್‌ಸಿಎ ತೆಗೆಯಿರಿ. ಆಮೇಲೆ ಹೆಡ್‌ಶೆಲ್ಲಿನ ನಾಲ್ಕು ವೈರು ಒಂದೊಂದಾಗಿ ನೋಡಿ. ಬಿಳಿ ಎಡ ಪ್ಲಸ್, ಅದು ಎಡ ಆರ್‌ಸಿಎಯ ನಡುವಿನ ಕಡ್ಡಿಗೆ ಹೋಗಬೇಕು. ನೀಲಿ ಎಡ ಮೈನಸ್, ಅದೇ ಆರ್‌ಸಿಎಯ ಹೊರಬಳೆಗೆ. ಕೆಂಪು ಬಲ ಪ್ಲಸ್, ಹಸಿರು ಬಲ ಮೈನಸ್. ಕೊನೆಗೆ ಆರ್ಮಿನ ಬಣ್ಣವಿಲ್ಲದ ಲೋಹದಿಂದ ಗ್ರೌಂಡ್ ವೈರಿನ ಕವಲಿಗೆ ಬೀಪ್ ಬರುತ್ತದೆಯೇ ನೋಡಿ.

ರಾಣೆಬೆನ್ನೂರ ರೀಲ್
ಮೀಟರಿನಾಗ ಕೆಪಾಸಿಟನ್ಸ್ ಅಳಿಯೋ ಸವಲತ್ತು ಇದ್ರ ಅದನ್ನೂ ಬರಕೋರಿ. ಮುಂದ ಬೇಕಾಗ್ತೈತಿ.

ಬೆಟಗೇರಿ ಅರ್ಥಿಂಗ್
ಗುಂಯ್ ಅನ್ನೋದಕ್ಕ ಆರ್ಮ್ ಒಂದ ಕಾರಣ ಅಲ್ರಿ. ನಾ ವೈರಮನ್ ಕೆಲಸ ಮಾಡಾಂವ, ಗದಗ-ಬೆಟಗೇರಿ ಒಳಗ ಹಳೆ ಮನಿ ಎಷ್ಟೋ ನೋಡೀನಿ. ಮೂರು ಪಿನ್ನಿನ ಸಾಕೆಟ್ ಇರ್ತೈತಿ, ಮ್ಯಾಲಿನ ದಪ್ಪ ತೂತಿಗೆ ಹಿಂದ ವೈರ ಇರಂಗಿಲ್ಲ. ಧಾರವಾಡದ ಮಾಳಮಡ್ಡಿ ಹಂಚಿನ ಮನಿ ಅಂದ್ರ ನನಗ ಅದ ಸಂಶಯ. ನ್ಯೂಟ್ರಲ್ ಮತ್ತ ಅರ್ಥಿನ ನಡುವ ಎಷ್ಟು ವೋಲ್ಟ್ ಐತಿ ಗೊತ್ತಿದ್ದವರ ಕಡೆಯಿಂದ ಅಳಿಸ್ರಿ. ಒಂದೆರಡು ವೋಲ್ಟ್ ಇದ್ರ ಸರಿ. ಹೋದ ವರ್ಷ ಒಬ್ಬರ ಮನಿಯಾಗ 14 ಬಂತು, ಅವರ ಆಂಪ್ಲಿಫೈಯರ್ ಮುಟ್ಟಿದ್ರ ಕೈ ಜುಂ ಅಂತಿತ್ತು.

ಮಾಳಮಡ್ಡಿ ಮನಿ
ಹಂಚಿನ ಮನಿ ಹೌದ್ರಿ, ನಿಮ್ಮ ಅಂದಾಜು ಖರೇ ಅದ. ಆದ್ರ ಅರ್ಥಿಂಗ್ ನಾಲ್ಕು ವರ್ಷದ ಹಿಂದ ಹೊಸದಾಗಿ ಹಾಕ್ಸೇವಿ. ಅಳಿಸಿ ಹೇಳ್ತೀನಿ.

ಗ್ರೌಂಡ್ ವೈರ್ ನಳಕ್ಕ ಸುತ್ತು ಅಂತ ನಮ್ಮ ಕಾಕಾ ಹೇಳ್ಯಾರ. ಅವರ ಕಾಲದಾಗ ರೇಡಿಯೋಕ್ಕ ಹಂಗ ಮಾಡ್ತಿದ್ರಂತ. ಮಾಡಬೇಕೇನು?

ಬೆಟಗೇರಿ ಅರ್ಥಿಂಗ್
ಬ್ಯಾಡ್ರಿ! ಆಗ ನೆಲದಾಗ ಕಬ್ಬಿಣದ ಪೈಪ್ ಇರ್ತಿತ್ತು, ಈಗ ತೊಟ್ಟಿಯಿಂದ ಪಿವಿಸಿ ಬರ್ತೈತಿ. ಪಿವಿಸಿಗೆ ಸುತ್ತಿದ್ರ ಸುತ್ತದಂಗ ಅಷ್ಟ. ಕಬ್ಬಿಣದ್ದ ಇದ್ರೂ ಬ್ಯಾಡ, ಎರಡು ಕಡೆ ಅರ್ಥ್ ಆಗಿ ಗ್ರೌಂಡ್ ಲೂಪ್ ಹುಟ್ತೈತಿ. ಟರ್ನ್‌ಟೇಬಲ್ಲಿನ ಗ್ರೌಂಡ್ ಪ್ರೀಆಂಪಿನ ಹಿಂದಿನ ತಿರುಪಿಗೇ ಹೋಗಬೇಕು, ಬ್ಯಾರೆ ಎಲ್ಲೂ ಅಲ್ಲ.

ಇನ್ನೊಂದು. ಗುಂಯ್ ಹೋಗ್ತೈತಂತ ಕೆಲವರು ಆಂಪ್ಲಿಫೈಯರಿನ ಪ್ಲಗ್ಗಿನ ಅರ್ಥ್ ಪಿನ್ ಕತ್ತರಸ್ತಾರ. ಅದನ್ನ ಎಂದೂ ಮಾಡಬ್ಯಾಡ್ರಿ. ಗುಂಯ್ ಹೋದೀತು, ಒಳಗ ಏನರ ಕೆಟ್ಟ ದಿನ ಪೆಟ್ಟಿಗಿಗೆ 230 ವೋಲ್ಟ್ ಬಂದು ಮುಟ್ಟಿದವರ ಜೀವಾ ಹೋಗ್ತೈತಿ.

ಸಪ್ತಾಪುರ ಸೂಜಿ
ಅರ್ಥಿಂಗ್ ಮಾತು ಬಂತು ಅಂತ ಹೇಳ್ತೀನಿ. ನಮ್ಮ ಮನೆಯಲ್ಲಿ ಗುಂಯ್ ಅಲ್ಲ, ಝರ್ ಝರ್ ಅಂತ ಬರುತ್ತಿತ್ತು. ಒಂದು ವಾರ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಪಕ್ಕದ ಕೋಣೆಯ ಫ್ಯಾನಿನ ರೆಗ್ಯುಲೇಟರ್! ಎಲೆಕ್ಟ್ರಾನಿಕ್ ರೆಗ್ಯುಲೇಟರ್ 2ರಲ್ಲೋ 3ರಲ್ಲೋ ಇದ್ದರೆ ಕರೆಂಟಿನ ಅಲೆಯನ್ನು ಕತ್ತರಿಸುತ್ತದೆ, ಆ ಚೂಪು ಸದ್ದು ಕಾರ್ಟ್ರಿಜ್‌ವರೆಗೂ ಬರುತ್ತದೆ. 5ಕ್ಕೆ ತಿರುಗಿಸಿದರೆ ಮಾಯ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗಲೂ ಹಾಗೇ, ಚೌಕದಲೆಯ ಇನ್ವರ್ಟರ್ ಆದರೆ ಕೇಳುವುದೇ ಬೇಡ.

ಹಾವೇರಿ ಏಲಕ್ಕಿ
ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನಮ್ಮಜ್ಜನ ಸೂಟ್‌ಕೇಸ್ ರೆಕಾರ್ಡ್ ಪ್ಲೇಯರ್ ಐತಿ. ಒಳಗಿನ ಆಂಪ್ಲಿಫೈಯರ್ ಸುಟ್ಟೈತಿ, ಆರ್ಮ್ ಸರಿ ಐತಿ. ಆರ್ಮಿನ ವೈರ್ ಹೊರಗ ತಂದು ಫೋನೋ ಪ್ರೀಆಂಪಿಗೆ ಕೊಟ್ಟೆ. ಬರೇ ಒಡದ ಸದ್ದು, ಅದೂ ಬುಡಬುಡ ಅಂತ ಬೇಸ್. ವೈರಿಂಗ್ ತಪ್ಪಾಗೈತೇನು?

ಗೋಕುಲ ರೋಡ್ 33
ವೈರಿಂಗ್ ಅಲ್ಲ ಸರ್, ಕಾರ್ಟ್ರಿಜ್ಜೇ ಬೇರೆ ಜಾತಿ. ಆ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಸಿರಾಮಿಕ್ ಅಥವಾ ಕ್ರಿಸ್ಟಲ್ ಇರುತ್ತದೆ. ಎಂಎಂ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್, ಸಿರಾಮಿಕ್ ಕೊಡುವುದು ನೂರಾರು ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹಿಗ್ಗಿಸುವ ಫೋನೋ ಪ್ರೀಆಂಪಿಗೆ ಹಾಕಿದರೆ ಒಡೆಯದೇ ಏನು? ಮೇಲಾಗಿ ಸಿರಾಮಿಕ್ ತನ್ನ ಸ್ವಭಾವದಿಂದಲೇ ಆರ್‌ಐಎಎ ತಿದ್ದುಪಡಿಯನ್ನು (ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಬೇಸ್ ಏರಿಸಿ, ಏರಿಸಿದ ಮೇಲಿನ ಸ್ವರ ಇಳಿಸುವುದು) ಹೆಚ್ಚು-ಕಡಿಮೆ ತಾನೇ ಮಾಡಿಕೊಳ್ಳುತ್ತದೆ, ಫೋನೋ ಪ್ರೀಆಂಪಿನಲ್ಲಿ ಅದು ಎರಡನೇ ಸಲ ಆಗುತ್ತದೆ. ಬೇಸ್ ಬುಡಬುಡ ಅನ್ನುವುದು ಅದಕ್ಕೇ. ಅದಕ್ಕೆ ಬೇಕಿರುವುದು ಒಂದು ಮೆಗಾಓಮ್ ಆಸುಪಾಸಿನ ಇನ್‌ಪುಟ್ ಇರುವ ಸಾದಾ ಬಫರ್ (ಸಿಗ್ನಲ್ಲನ್ನು ಹಿಗ್ಗಿಸದೇ ದಾಟಿಸುವ ಸರ್ಕ್ಯೂಟ್). ಅಲ್ಲಿಂದ ಆಂಪ್ಲಿಫೈಯರಿನ ಆಕ್ಸ್ ಇನ್‌ಪುಟ್ಟಿಗೆ ಕೊಡಿ.

ಹಾವೇರಿ ಏಲಕ್ಕಿ
ಒಂದು ತಿಂಗಳಿಂದ ಆರ್ಮಿಗೆ ಬೆಸುಗಿ ಹಾಕಿ ಬಿಚ್ಚಿ ಮಾಡ್ಲಿಕ್ಹತ್ತಿದ್ದೆ. ಭಾಳ ಉಪಕಾರ ಆತ್ರಿ.

ಮಾಳಮಡ್ಡಿ ಮನಿ
ಅಳದೇನ್ರಿ. ಬರಕೋರಿ.

ಬಿಳಿ ಸರಿ, ನೀಲಿ ಸರಿ. ಕೆಂಪು ಬಲಗಡೆ ಹೊರಬಳಿಗೆ ಹೊಂಟದ, ಹಸಿರು ನಡುವಿನ ಕಡ್ಡಿಗೆ. ಅಂದ್ರ ಅದಲಿಬದಲಿ ಖರೇ! ಆರ್ಮಿನ ಲೋಹದಿಂದ ಗ್ರೌಂಡ್ ಕವಲಿಗೆ ಬೀಪ್ ಬರವಲ್ತು. ಕೆಪಾಸಿಟನ್ಸ್, ಮೀಟರಿನ ಖಾಲಿ ಅಳತಿ 12 ಕಳದ ಮ್ಯಾಲೆ, ಎಡಕ್ಕ 338 ಪಿಎಫ್, ಬಲಕ್ಕ 344. ನ್ಯೂಟ್ರಲ್-ಅರ್ಥ್ ನಡುವ 1.1 ವೋಲ್ಟ್.

ಬೆಟಗೇರಿ ಅರ್ಥಿಂಗ್
1.1 ಅಂದ್ರ ನಿಮ್ಮ ಅರ್ಥಿಂಗ್ ಛಲೋ ಐತಿ. ನಂದು ಮುಗೀತು. ಬ್ಯಾಸಗಿಯಾಗ ಮಾತ್ರ ಆ ಗುಂಡಿಗೆ ವಾರಕ್ಕ ಎರಡು ಕೊಡ ನೀರು ಹಾಕ್ರಿ. ನಮ್ಮ ಕಡೆ ಎರಿ ಭೂಮಿ ಮಳಿಗಾಲದಾಗ ಹಸಿ ಹಿಡದು ಅರ್ಥ್ ಭಾರಿ ಕೊಡ್ತೈತಿ, ಏಪ್ರಿಲ್‌ದಾಗ ಬಿರಕ ಬಿಟ್ಟಾಗ ಗುಂಡಿ ಪೂರಾ ಒಣಗತೈತಿ. ನಿಮ್ಮ ಕಡೆ ಕೆಂಪು ಮಣ್ಣು, ಅದು ಇನ್ನೂ ಲಗೂ ಒಣಗತೈತಿ.

ಬೆಸುಗೆ 25 ವ್ಯಾಟ್
ಸಿಕ್ಕಿತಲ್ಲ! ಕೆಂಪು-ಹಸಿರು ಅದಲುಬದಲಾದದ್ದರಿಂದ ಫೇಸ್ (ಎಡ-ಬಲ ಸಿಗ್ನಲ್ ಒಂದೇ ದಿಕ್ಕಿನಲ್ಲಿ ಏರಿಳಿಯುವುದು) ಕೆಡುವುದಷ್ಟೇ ಅಲ್ಲ, ಗುಂಯ್‌ಗೂ ದಾರಿ. ಹಲವು ಕಾರ್ಟ್ರಿಜ್‌ಗಳಲ್ಲಿ ಒಂದು ಮೈನಸ್ ಪಿನ್ನಿನಿಂದ ಲೋಹದ ಕವಚಕ್ಕೆ ಸಣ್ಣ ಪಟ್ಟಿ ಇರುತ್ತದೆ, ಕವಚ ಗ್ರೌಂಡ್ ಆಗಲಿ ಅಂತ. ವೈರ್ ತಿರುಗಿ ಕೂತರೆ ಕವಚಕ್ಕೆ ಸಿಗ್ನಲ್ ಪ್ಲಸ್ ಬರುತ್ತದೆ, ಇಡೀ ಕವಚ ಆಂಟೆನಾ ಆಗುತ್ತದೆ.

ಕುಂದಗೋಳ ಕಿವಿ
ಫೇಸ್ ತಿರುಗಿದ್ರ ಕಿವಿಗೆ ಏನೂ ಗೊತ್ತಾಗಂಗಿಲ್ಲ ಅಂತ ಎಷ್ಟೋ ಮಂದಿ ಹೇಳ್ತಾರಲ್ಲ?

ಬೆಸುಗೆ 25 ವ್ಯಾಟ್
ಎರಡೂ ಚಾನೆಲ್ ಒಟ್ಟಿಗೆ ತಿರುಗಿದರೆ ಹೆಚ್ಚಿನವರಿಗೆ ಗೊತ್ತಾಗದು. ಒಂದೇ ತಿರುಗಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಎಡ ಸ್ಪೀಕರಿನ ಕೋನ್ ಮುಂದೆ ಬರುವಾಗ ಬಲದ್ದು ಹಿಂದೆ ಹೋಗುತ್ತದೆ. ತಬಲಾದ ಡಗ್ಗಾ ಸತ್ತುಹೋಗುತ್ತದೆ. ಮೋನೋ ಬಟನ್ ಇರುವ ಆಂಪ್ಲಿಫೈಯರಿನಲ್ಲಿ ಮೋನೋ ರೆಕಾರ್ಡ್ ಹಾಕಿ ಬಟನ್ ಒತ್ತಿ ನೋಡಿ, ಹಾಡು ಬಹುಪಾಲು ಮಾಯವಾಗಿ ಚಟಪಟ ಮಾತ್ರ ಉಳಿಯುತ್ತದೆ.

ಮಾಳಮಡ್ಡಿ ಮನಿ
ಒತ್ತಿ ನೋಡಿದೆ. ಧ್ವನಿ ಹೋಗೇಬಿಡ್ತು, ಹಿಂದ ಚಟಪಟ ಅಷ್ಟ ಉಳೀತು. ಮೈ ಜುಂ ಅಂತು ನೋಡ್ರಿ. ಎರಡು ತಿಂಗಳು ಅಪ್ಪನ ರೆಕಾರ್ಡ್ ಹಿಂಗ ಕೇಳೀನಲ್ಲ ಅಂತ ಹೊಟ್ಟಿ ಉರೀತು.

ಗೋಕುಲ ರೋಡ್ 33
ಈಗ 'ಸ'ಕಾರದ ಲೆಕ್ಕಕ್ಕೆ ಬರೋಣ. ಇದೇ ಈ ಚರ್ಚೆಯ ಮುಖ್ಯ ಭಾಗ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಗುಂಯ್ ಎಲ್ಲರಿಗೂ ಕೇಳುತ್ತದೆ, ಇದರ ಮೂಲ ಗೊತ್ತಾಗದೇ ಕಾರ್ಟ್ರಿಜ್ಜಿನ ಮೇಲೆ ಆಪಾದನೆ ಹೋಗುತ್ತದೆ.

ಎಂಎಂ ಕಾರ್ಟ್ರಿಜ್ ಅಂದರೆ ಸಾವಿರಾರು ಸುತ್ತಿನ ಕಾಯಿಲ್. ವಿಎಂ95ಇಯ ಇಂಡಕ್ಟನ್ಸ್ 550 ಮಿಲಿಹೆನ್ರಿ. ಆರ್ಮಿನ ವೈರು, ಆರ್‌ಸಿಎ ಕೇಬಲ್ಲು, ಪ್ರೀಆಂಪಿನ ಇನ್‌ಪುಟ್ಟು, ಈ ಮೂರರ ಕೆಪಾಸಿಟನ್ಸ್ ಕೂಡಿ ಆ ಕಾಯಿಲ್ ಜತೆ ಒಂದು ಅನುರಣನ (ಒಂದು ಎತ್ತರದ ಸ್ವರದಲ್ಲಿ ಸಿಗ್ನಲ್ ಉಬ್ಬುವುದು) ಕಟ್ಟುತ್ತವೆ. ತಯಾರಕರು ಹೇಳುವುದು ಒಟ್ಟು 100ರಿಂದ 200 ಪಿಎಫ್. ನಿಮ್ಮದು 340 ಮತ್ತು 220, ಒಟ್ಟು 560!

ಲೆಕ್ಕ ನೀವೇ ಮಾಡಬಹುದು. 0.55 ಹೆನ್ರಿಯನ್ನು 560 ಪಿಎಫ್‌ನಿಂದ ಗುಣಿಸಿ, ವರ್ಗಮೂಲ ತೆಗೆದು, 6.28ರಿಂದ ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿ. 9,000 ಹರ್ಟ್ಸ್ ಬರುತ್ತದೆ. ಅಲ್ಲಿ 3 ಡಿಬಿ ಆಸುಪಾಸಿನ ಗುಡ್ಡ, ಅದರ ಆಚೆ ಕಡಿದು ಬೀಳುವ ಇಳಿಜಾರು. 'ಸ', 'ಶ' ಇರುವುದೇ ಆ ಗುಡ್ಡದ ಅಕ್ಕಪಕ್ಕ. ಅದಕ್ಕೇ ಚುಚ್ಚುತ್ತದೆ, ಆದರೂ ತಂಬೂರಿಯ ಗಾಳಿಯಂಥ ಝೇಂಕಾರ ಕೇಳುವುದಿಲ್ಲ, ಅದು ಇಳಿಜಾರಿನ ಆಚೆ ಬಿದ್ದುಹೋಗಿದೆ. ಅದೇ ಒಟ್ಟು 150ಕ್ಕೆ ಇಳಿಸಿದರೆ ಅನುರಣನ 17,500ಕ್ಕೆ ಏರುತ್ತದೆ, 47 ಕಿಲೋಓಮ್ ಲೋಡ್ ಅದನ್ನು ಒತ್ತಿ ಹಿಡಿಯುತ್ತದೆ, ಗುಡ್ಡವೇ ಏಳುವುದಿಲ್ಲ.

ಲೈನ್ ಬಜಾರ್ ಕೇಳುಗ
ಇಷ್ಟು ತಿಳಿಯೋ ಹಂಗ ಯಾರೂ ಹೇಳಿರಲಿಲ್ಲ.

ಕುಂದಗೋಳ ಕಿವಿ
ಹಂಗಾದ್ರ ನಾ ಹೇಳಿದ್ದ ಖರೇ ಆತಲ್ಲ. 220 ಪಿಎಫ್ ಡಬ್ಬಿ ತಪ್ಪು.

ಗೋಕುಲ ರೋಡ್ 33
ಅರ್ಧ ಖರೆ. 220ರ ಡಬ್ಬಿ ಈ ಕಾರ್ಟ್ರಿಜ್ಜಿಗೆ ಭಾರ, ನಿಜ. ಆದರೆ ಪ್ರೀಆಂಪನ್ನು ಸೊನ್ನೆಗೆ ಇಳಿಸಿದರೂ ಇವರ ಕೇಬಲ್ ಒಂದೇ 340 ಇದೆಯಲ್ಲ! 38 ಸಾವಿರದ್ದು ತಂದು 50 ಪಿಎಫ್‌ಗೆ ಇಟ್ಟಿದ್ದರೂ 390. ಚುಚ್ಚು ಸ್ವಲ್ಪ ಮೇಲಕ್ಕೆ ಸರಿಯುತ್ತಿತ್ತು, ಹೋಗುತ್ತಿರಲಿಲ್ಲ. ಪ್ರೀಆಂಪ್ ಹೊಂದಿಸುವುದು ಅಂದರೆ ಡಬ್ಬಿ ಆರಿಸುವುದಲ್ಲ, ಹೆಡ್‌ಶೆಲ್ಲಿನ ಪಿನ್ನಿನಿಂದ ಮೊದಲ ಟ್ರಾನ್ಸಿಸ್ಟರಿನವರೆಗೆ ಇರುವುದನ್ನೆಲ್ಲ ಕೂಡಿಸಿ ನೋಡುವುದು.

ಕುಂದಗೋಳ ಕಿವಿ
340 ಅನ್ನೋ ಲೆಕ್ಕ ನಾ ನೋಡಿರಲಿಲ್ಲ. ಒಪ್ಪಿದೆ. ಆದ್ರೂ ದಪ್ಪ ಕೇಬಲ್ ಛಲೋ ಅಂತ ಎಲ್ಲಾರೂ ಯಾಕ ಹೇಳ್ತಾರ?

ಬೆಸುಗೆ 25 ವ್ಯಾಟ್
ಸ್ಪೀಕರ್ ಕೇಬಲ್ಲಿಗೆ ಹೇಳುವ ಮಾತನ್ನು ಇಲ್ಲಿಗೆ ತಂದಿದ್ದಾರೆ. ಅಲ್ಲಿ ರೋಧ ಕಡಿಮೆ ಇರಬೇಕು, ದಪ್ಪ ತಾಮ್ರ ಬೇಕು. ಇಲ್ಲಿ ಕಾರ್ಟ್ರಿಜ್ ಕಾಯಿಲ್ಲಿನ ರೋಧವೇ 485 ಓಮ್, ಮುಂದೆ 47,000 ಓಮ್ ಲೋಡ್. ವೈರಿನದ್ದು ಒಂದು ಓಮ್ ಆದರೇನು, ಮೂರಾದರೇನು? ಬೆಳ್ಳಿಯ ವೈರ್ ಹಾಕಿಸಿ ಅಂತ ಒಬ್ಬರು ನನಗೂ ಬೆನ್ನು ಹತ್ತಿದ್ದರು. ಬೆಳ್ಳಿಯಿಂದ ಪಿಕೋಫ್ಯಾರಡ್ ಕಡಿಮೆಯಾಗುವುದಿಲ್ಲ. ನಡುವಿನ ಎಳೆಗೂ ಶೀಲ್ಡಿಗೂ ಎಷ್ಟು ಅಂತರ, ನಡುವೆ ಯಾವ ಪ್ಲಾಸ್ಟಿಕ್, ಅದರ ಮೇಲೆ ನಿಂತಿದೆ. ಮೈಕಿನ ಕೇಬಲ್ಲಿನಲ್ಲಿ ಎರಡು ಎಳೆ ಶೀಲ್ಡಿಗೆ ಅಂಟಿಕೊಂಡೇ ಇರುತ್ತವೆ, ಮೀಟರಿಗೆ 150 ಪಿಎಫ್ ಬಂದರೆ ಆಶ್ಚರ್ಯವಿಲ್ಲ. ಟಿವಿ ಕೇಬಲ್ಲಿನ ಜಾತಿಯ 75 ಓಮ್ ಕೋಯಾಕ್ಸ್ ಮೀಟರಿಗೆ 55ರಿಂದ 70 ಪಿಎಫ್ ಅಷ್ಟೇ.

ರಾಣೆಬೆನ್ನೂರ ರೀಲ್
ಹಂಗಾದ್ರ ಕೆಪಾಸಿಟನ್ಸ್ ಎಷ್ಟು ಕಡಿಮಿ ಇದ್ರ ಅಷ್ಟು ಛಲೋ ಅಂತ ಬರಕೊಂತೀನಿ.

ಸಪ್ತಾಪುರ ಸೂಜಿ
ಬರಕೋಬೇಡ್ರಿ! ಅದು ಕಾರ್ಟ್ರಿಜ್ ಮೇಲಿನ ಮಾತು. ನನ್ನ ಹತ್ತಿರ ಶ್ಯೂರ್ ವಿ15 ಟೈಪ್ 3 ಇದೆ, ಅದಕ್ಕೆ 400ರಿಂದ 500 ಪಿಎಫ್ ಬೇಕು ಅಂತ ಕಂಪನಿಯೇ ಬರೆದಿತ್ತು. ಅದನ್ನು 150ರಲ್ಲಿ ಕೇಳಿದರೆ ಸ್ವರಗಳ ಮೈ ಸೊರಗುತ್ತದೆ. ಶ್ಯೂರ್ ಎಂ97ಎಕ್ಸ್‌ಇಗೆ 200ರಿಂದ 300. ಆರ್ಟೋಫಾನ್ 2ಎಂ ರೆಡ್‌ಗೆ 150ರಿಂದ 300. ಕಾರ್ಟ್ರಿಜ್ ಬದಲಾದಾಗೆಲ್ಲ ಈ ಲೆಕ್ಕ ಮತ್ತೆ ಮಾಡಬೇಕು. ಶ್ಯೂರ್ 2018ರಲ್ಲಿ ಕಾರ್ಟ್ರಿಜ್ ಮಾಡುವುದನ್ನೇ ನಿಲ್ಲಿಸಿತು, ಆದರೆ ಹಳೆಯವು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಕೊಳ್ಳುವವರು ಈ ಅಂಕಿ ನೆನಪಿಟ್ಟುಕೊಳ್ಳಿ.

ಬೆಟಗೇರಿ ಅರ್ಥಿಂಗ್
ನನ್ನ ಕಡೆ ಡೆನಾನ್ ಡಿಎಲ್-103 ಕಾರ್ಟ್ರಿಜ್ ಐತ್ರಿ, ಎಂಸಿ (ಮೂವಿಂಗ್ ಕಾಯಿಲ್). ಅದಕ್ಕೂ ಪಿಎಫ್ ಲೆಕ್ಕ ಬೇಕಾ?

ಗೋಕುಲ ರೋಡ್ 33
ಅದಕ್ಕೆ ಹೆಚ್ಚುಕಡಿಮೆ ಬೇಡ. ಅದರ ಕಾಯಿಲ್ ಸುತ್ತುಗಳು ಕಡಿಮೆ, ಇಂಡಕ್ಟನ್ಸ್ ಅತ್ಯಲ್ಪ, 300 ಪಿಎಫ್ ಬಂದರೂ ಅನುರಣನ ಕಿವಿಯ ಎಟುಕಿನಾಚೆ. ಅದರ ತಕರಾರು ಬೇರೆ: ಕೊಡುವುದೇ 0.3 ಮಿಲಿವೋಲ್ಟ್. ಎಂಎಂ ಪ್ರೀಆಂಪಿನ 40 ಡಿಬಿಯಲ್ಲಿ 30 ಮಿಲಿವೋಲ್ಟ್ ಮಾತ್ರ ಸಿಗುತ್ತದೆ, ಸಾಲದು. 60 ಡಿಬಿ ಬೇಕು, ಇಲ್ಲವೇ 1:10 ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್. ಆ ಟ್ರಾನ್ಸ್‌ಫಾರ್ಮರ್ ಹಾಕಿದರೆ ಪ್ರೀಆಂಪಿನ 47,000 ಓಮ್ ಕಾರ್ಟ್ರಿಜ್ಜಿಗೆ 470 ಆಗಿ ಕಾಣುತ್ತದೆ. ಡಿಎಲ್-103ರ ಕಾಯಿಲ್ 40 ಓಮ್, 100ಕ್ಕಿಂತ ಹೆಚ್ಚು ಲೋಡ್ ಇದ್ದರೆ ಸಾಕು. ಗ್ರೌಂಡ್ ವಿಷಯದಲ್ಲಿ ಮಾತ್ರ ಎಂಸಿ ಹತ್ತು ಪಟ್ಟು ಹಟಮಾರಿ.

ಬೆಟಗೇರಿ ಅರ್ಥಿಂಗ್
ಗ್ರೌಂಡ್ ನನಗ ಬಿಡ್ರಿ.

ಸಪ್ತಾಪುರ ಸೂಜಿ
ಎಲ್ಲರೂ ಎಲ್‌ಪಿ ಲೆಕ್ಕದಲ್ಲೇ ಇದ್ದೀರಿ, ನಿಮಿಷಕ್ಕೆ 78 ಸುತ್ತಿನ ಹಳೆ ತಟ್ಟೆಗಳ ಮಾತನ್ನೂ ಸೇರಿಸುತ್ತೇನೆ. ನಮ್ಮ ಊರಿನ ಸಂಗೀತದ ದೊಡ್ಡ ಭಾಗ ಅದರಲ್ಲೇ ಇದೆ. ಸವಾಯಿ ಗಂಧರ್ವರು, ಗಂಗೂಬಾಯಿಯವರು, ಮನ್ಸೂರರು ಎಲ್ಲ ಮೊದಲು ಅರಗಿನ ತಟ್ಟೆಗಳಿಗೇ ಹಾಡಿದವರು. ಗಂಗೂಬಾಯಿಯವರ ಮೊದಮೊದಲ ತಟ್ಟೆಗಳ ಮೇಲೆ ಗಾಂಧಾರಿ ಎಂಬ ಹೆಸರೇ ಇದೆ. ಆರ್‌ಐಎಎ ಬಂದದ್ದು 1954ರಲ್ಲಿ. ಅದಕ್ಕಿಂತ ಹಿಂದಿನ ತಟ್ಟೆಯನ್ನು ಆರ್‌ಐಎಎ ಪ್ರೀಆಂಪಿನಲ್ಲಿ ಹಾಗೇ ಕೇಳಿದರೆ ಮೇಲಿನ ಸ್ವರಗಳು ಅಡಗಿ, ಕೋಣೆಯ ಬಾಗಿಲು ಮುಚ್ಚಿ ಹಾಡಿದಂತೆ ಕೇಳುತ್ತದೆ. ಸೂಜಿಯೂ ಬೇರೆ. ಎಲ್‌ಪಿಗೆ 18 ಮೈಕ್ರಾನಿನ ತುದಿ, 78ಕ್ಕೆ 75ರ ಆಸುಪಾಸು. ಎಲ್‌ಪಿ ಸೂಜಿ ಹಾಕಿದರೆ ಗೆರೆಯ ತಳಕ್ಕೆ ಬಿದ್ದು ಕಸವನ್ನೇ ಓದುತ್ತದೆ, ತಾನೂ ಹಾಳಾಗುತ್ತದೆ.

ಮೋನೋ ತಟ್ಟೆ ಆದ್ದರಿಂದ ಎಡ-ಬಲ ಚಾನೆಲ್ ಕೂಡಿಸಿಬಿಟ್ಟರೆ ಗೆರೆಯ ಏರಿಳಿತದ ಸದ್ದು ಕಳೆದು ಸರಸರ ಎಷ್ಟೋ ಕಡಿಮೆಯಾಗುತ್ತದೆ. ಆದರೆ ಫೇಸ್ ಸರಿ ಇದ್ದರೆ ಮಾತ್ರ! ಇವರ ಈಗಿನ ವೈರಿಂಗಿನಲ್ಲಿ ಕೂಡಿಸಿದರೆ ಹಾಡು ಕಳೆದು ಸರಸರವೇ ಉಳಿಯುತ್ತದೆ.

ಲೈನ್ ಬಜಾರ್ ಕೇಳುಗ
ಅಕ್ಕಾರ, ಆ 78 ಒಂದಿನ ಕೇಳಸ್ರಿ. ಫೇಡೆ ನಾ ತರ್ತೀನಿ.

ಸಪ್ತಾಪುರ ಸೂಜಿ
ಬರ್ರಿ. ಧೂಳಿನ ಬ್ರಷ್ ನಿಮ್ಮದೇ ತನ್ನಿ.

ಮಾಳಮಡ್ಡಿ ಮನಿ
ಐತವಾರ ಕೂತು ಬಿಚ್ಚಿದೆ. ಬುಡದ ರಬ್ಬರಿನ ತಿರುಪು ತಗದು, ಆರ್ಮಿನ ಕೆಳಗಿನ ತಗಡಿನ ಮುಚ್ಚಳ ಎತ್ತಿದ್ರ ಸಣ್ಣ ಸರ್ಕ್ಯೂಟ್ ಬೋರ್ಡ್. ಅಲ್ಲಿ ಆರ್ಮಿನಿಂದ ಇಳಿದ ನಾಲ್ಕು ವೈರು, ಕೂದಲ ಎಳಿ ಹಂಗ. ಕೆಂಪು-ಹಸಿರು ಎರಡಕ್ಕೂ ಮ್ಯಾಲಿನ ಹೊದಿಕಿ ಅರ್ಧ ಇಂಚು ಸುಟ್ಟು ಕರ್ರಗಾಗಿತ್ತು, ರಿಪೇರಿ ಮಾಡಿದಾಂವ ಬಣ್ಣ ಗುರ್ತು ಸಿಗದ ಅಂದಾಜಿಲೆ ಹಚ್ಚ್ಯಾನ ಅಂತ ಕಾಣಸ್ತದ. ಐದನೇದು, ಆರ್ಮಿನ ಗ್ರೌಂಡಿನ ಕರಿ ಎಳಿ, ಬೋರ್ಡಿಗೆ ಹತ್ತೇ ಇಲ್ಲ. ಮಡಚಿ ಟೇಪಿನ ಕೆಳಗ ಒತ್ತಿಟ್ಟಿದ್ದ.

ಫೋಟೋ ತಗದು ಇಟ್ಟೀನಿ. ನಾನ ಬೆಸುಗಿ ಹಾಕಲ್ಯಾ? ಕೈ ನಡಗ್ತದ್ರಿ.

ಬೆಸುಗೆ 25 ವ್ಯಾಟ್
ಹಾಕಬಹುದು, ಅವಸರ ಮಾಡಬೇಡಿ. 25 ವ್ಯಾಟಿನ ಕಾವಿ, ಚೂಪು ತುದಿ. ಸುಟ್ಟ ಭಾಗ ಕತ್ತರಿಸಿ, ಉದ್ದ ಸಾಕಾಗುತ್ತದೆಯೇ ಮೊದಲು ನೋಡಿ. ಆ ಎಳೆಗಳ ಒಂದೊಂದು ನೂಲಿನ ಮೇಲೂ ಎನಾಮಲ್ ಇರಬಹುದು. ಹಾಗಿದ್ದರೆ ಸುಮ್ಮನೆ ಸೀಸ ಮುಟ್ಟಿಸಿದರೆ ಹಿಡಿಯುವುದಿಲ್ಲ. ಕಾವಿಯ ತುದಿಯಲ್ಲಿ ಸೀಸದ ಹನಿ ಮಾಡಿ, ವೈರಿನ ತುದಿಗೆ ರಾಳ ಹಚ್ಚಿ, ಹನಿಯೊಳಗೆ ಎರಡು-ಮೂರು ಸೆಕೆಂಡ್ ಅದ್ದಿ ಹಿಡಿಯಿರಿ. ಸಣ್ಣ ಹೊಗೆ ಎದ್ದು, ತುದಿ ಬೆಳ್ಳಗೆ ಹೊಳೆದರೆ ಎನಾಮಲ್ ಹೋಯಿತು. ಆಮೇಲೆ ಬೋರ್ಡಿಗೆ ಒಂದು ಸೆಕೆಂಡ್ ಮುಟ್ಟಿಸಿದರೆ ಸಾಕು. ಆರ್ಮನ್ನು ಅದರ ಆಸರೆಗೆ ಕಟ್ಟಿಡಿ, ವೈರ್ ಬಿಗಿಯಾಗಿ ಎಳೆದುಕೊಳ್ಳದಂತೆ ಸಣ್ಣ ಸಡಿಲು ಬಿಡಿ. ಬಿಗಿಯಾದರೆ ಆರ್ಮ್ ಒಳಕ್ಕೆ ಸರಿಯಲು ಒದ್ದಾಡುತ್ತದೆ. ಕಾರ್ಟ್ರಿಜ್ ಪಿನ್ನುಗಳಿಗೆ ಮಾತ್ರ ಎಂದೂ ಕಾವಿ ಮುಟ್ಟಿಸಬೇಡಿ, ಅಲ್ಲಿ ಕ್ಲಿಪ್ಪೇ ಇರಲಿ.

ಭಯವಾದರೆ ಕೇಶ್ವಾಪುರಕ್ಕೆ ತನ್ನಿ, ಒಟ್ಟಿಗೆ ಕೂತು ಮಾಡೋಣ.

ರಾಣೆಬೆನ್ನೂರ ರೀಲ್
ಪ್ರೀಆಂಪಿನ 220ರ ಗತಿ ಏನು? ಅದನ್ನ ಮಾರಬೇಕೇನು?

ಗೋಕುಲ ರೋಡ್ 33
ಬೇಡ. ಸಾಮಾನ್ಯವಾಗಿ ಇನ್‌ಪುಟ್ ಜ್ಯಾಕಿನ ಹಿಂದೆಯೇ ಒಂದೊಂದು ಚಾನೆಲ್ಲಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅಡಾಪ್ಟರ್ ಕಿತ್ತಿಟ್ಟು, ಆ ಎರಡನ್ನು ತೆಗೆದು 47 ಪಿಎಫ್ ಹಾಕಿ. ಪಾಲಿಸ್ಟೈರೀನ್ ಅಥವಾ ಎನ್‌ಪಿ0 ಸಿರಾಮಿಕ್, ಎರಡೂ ಆಗುತ್ತವೆ. ಎಡ-ಬಲ ಒಂದೇ ಅಳತೆಯವು ಇರಲಿ, ಅಳೆದು ಜೋಡಿ ಮಾಡಿ. ಪೂರ್ತಿ ತೆಗೆಯಬೇಡಿ, ರೇಡಿಯೋ ಅಲೆ ಒಳಗೆ ನುಗ್ಗದಂತೆ ಅದೂ ಒಂದು ತಡೆ. ಬೆಸುಗೆ ಬೇಡ ಅನ್ನುವವರಿಗೆ ಎಆರ್‌ಟಿ ಡಿಜೆ ಪ್ರೀ 2ರಂಥ ಡಬ್ಬಿಗಳಿವೆ, ಅದರಲ್ಲಿ 100, 200 ಪಿಎಫ್ ಅಂತ ಸ್ವಿಚ್ಚೇ ಇದೆ.

ಕುಂದಗೋಳ ಕಿವಿ
ಬ್ಯಾಲೆನ್ಸ್ಡ್ (ಪ್ಲಸ್-ಮೈನಸ್ ಎರಡನ್ನೂ ಗ್ರೌಂಡಿನಿಂದ ಬ್ಯಾರೆ ಇಡೋ ಜೋಡಣಿ) ಮಾಡಿದ್ರ ಹ್ಯಾಂಗ? ಕಾರ್ಟ್ರಿಜ್ ಹ್ಯಾಂಗೂ ನಾಲ್ಕು ಪಿನ್ನಿಂದು, ಯಾವ ತುದಿಗೂ ಗ್ರೌಂಡ್ ಇಲ್ಲ.

ಗೋಕುಲ ರೋಡ್ 33
ಪ್ರೀಆಂಪ್ ಬ್ಯಾಲೆನ್ಸ್ಡ್ ಇದ್ದರೆ ಚೆನ್ನ, ಅದರಲ್ಲೂ ಎಂಸಿಗೆ. ಇವರ ಡಬ್ಬಿ ಅದಲ್ಲ. ಅದನ್ನು ಬೇರೆ ಚರ್ಚೆಯಾಗಿ ಎತ್ತಿ, ನಾನೂ ಬರುತ್ತೇನೆ.

ಮಾಳಮಡ್ಡಿ ಮನಿ
ಕೇಶ್ವಾಪುರಕ್ಕ ಹೋಗಿ ಬಂದೆ. ಅವರ ಮನಿಯೊಳಗ ಎರಡು ತಾಸು ಕೂತೆವು. ಕೆಂಪು-ಹಸಿರು ಸರಿ ಮಾಡಿದ್ವಿ, ಕರಿ ಎಳಿ ಬೋರ್ಡಿನ ಗ್ರೌಂಡಿಗೆ ಹತ್ತಿಸಿದ್ವಿ, ದಪ್ಪ ಕೇಬಲ್ ತಗದು ಒಂದ ಮೀಟರ್ ಕೋಯಾಕ್ಸ್ ಹಾಕಿದ್ವಿ. ಮೊದಲನೇ ಎಳಿ ಅವರು ಹಾಕಿ ತೋರಿಸಿದ್ರು, ಉಳಿದ ನಾಲ್ಕು ನಾನ ಹಾಕೀನಿ. ಆರ್ಮ್ ಮತ್ತ ಕೇಬಲ್ ಕೂಡಿ ಈಗ 104 ಪಿಎಫ್. ಡಬ್ಬಿಯೊಳಗ 47. ಒಟ್ಟು 151. ಖರ್ಚು 400 ರೂಪಾಯಿಗಿಂತ ಕಡಿಮಿ.

ರಾತ್ರಿ ಮನಿಗೆ ಬಂದು ಫ್ಯಾನ್ ಬಂದ್ ಮಾಡಿ ಹಚ್ಚಿದೆ. ವಾಲ್ಯೂಮ್ ಮುಕ್ಕಾಲಿಗೆ ಏರ್ಸಿದ್ರೂ ಗುಂಯ್ ಇಲ್ಲ, ಆರ್ಮ್ ಮುಟ್ಟಿದ್ರೂ ಇಲ್ಲ. ಅಪ್ಪನ ಮೋನೋ ಎಲ್‌ಪಿ ಹಾಕಿದೆ. ಧ್ವನಿ ಎರಡು ಸ್ಪೀಕರಿನ ನಡುವ, ಕಪಾಟಿನ ಮುಂದ ಬಂದು ನಿಂತ್ಕೊಂತು. ಡಗ್ಗಾದ ಮೀಂಡ್ ನೆಲದಾಗ ಇಳದಂಗ. ಹಾರ್ಮೋನಿಯಂ ತಗಡು ಅಲ್ಲ, ಕಟ್ಟಿಗಿ ಪೆಟ್ಟಿಗಿ ಅಂತ ಗೊತ್ತಾತು. ಅವ್ವ ಅಡಗಿ ಮನಿಯಿಂದ ಕೈ ಒರಸ್ಕೋತ ಬಂದು ಬಾಗಲದಾಗ ನಿಂತಳು, ಒಂದು ಬದಿ ಮುಗಿಯೂತನಕ ಅಲ್ಲೇ ಇದ್ದಳು, ಆಮ್ಯಾಲೆ ಇನ್ನೊಂದು ಬದಿ ಹಾಕು ಅಂದಳು.

ಕುಂದಗೋಳ ಕಿವಿ
ಸಂತೋಷ ಆತು. ನನ್ನ ಆರ್ಮಿನ ಕೇಬಲ್ ಎಷ್ಟು ಪಿಎಫ್ ಐತಿ ನಾ ಇವತ್ತಿನತನಕ ಅಳದಿಲ್ಲ. ನಾಳೆ ಅಳೀತೀನಿ.

ಹಾವೇರಿ ಏಲಕ್ಕಿ
ಬಫರ್ ಮಾಡಿಸೀನಿ, ಅಜ್ಜನ ಪೆಟ್ಟಿಗಿ ಹಾಡ್ಲಿಕ್ಹತ್ತೈತಿ. ಎಡಕ್ಕ ಸ್ವಲ್ಪ ಸಣ್ಣ ಬರ್ತೈತಿ, ಬ್ಯಾರೆ ಪ್ರಶ್ನಿ ಹಾಕ್ತೀನಿ.

ಬೆಟಗೇರಿ ಅರ್ಥಿಂಗ್
ಮಾಳಮಡ್ಡಿಯವರ, ಆ ದಪ್ಪ ಕೇಬಲ್ ಎಸೀಬ್ಯಾಡ್ರಿ. ಮೈಕಿನ ಕೆಲಸಕ್ಕ ಅದು ಭಾರಿ ಛಲೋ ಮಾಲು. ನಮ್ಮ ಓಣಿ ಭಜನಿ ಮಂಡಳಿಯವರಿಗೆ ಎರಡು ಮೀಟರ್ ಬೇಕಾಗೈತಿ, ಕೊಡೋದಿದ್ರ ಹೇಳ್ರಿ.

ಮಾಳಮಡ್ಡಿ ಮನಿ
ನಿಮ್ದ ಅಂತ ತಿಳೀರಿ. ಶನಿವಾರ ಗದಗಕ್ಕ ಬರೋದದ, ತರ್ತೀನಿ.